ಪಾಠಕ್ಕೆ ಓದೋದು, ನನಗೋಸ್ಕರ ಓದೋದು

ವಾರವಾರ ಸತ್ಯವೇದದ (ಬೈಬಲ್‌ನ) ಪಾಠ ಹೇಳೋ ಜವಾಬ್ದಾರಿ ಇರೋರಿಗೆ ಒಂದು ಕಷ್ಟ ಇದೆ, ಅದರ ಬಗ್ಗೆ ಸಭೆಯಲ್ಲಿ ಯಾರೂ ಜಾಸ್ತಿ ಮಾತಾಡಲ್ಲ. ಬೈಬಲ್ ಯಾವಾಗ್ಲೂ ಕೈಯಲ್ಲೇ ಇರುತ್ತೆ, ಮುಂಚೆಗಿಂತ ಜಾಸ್ತಿನೇ ಓದ್ತಿರ್ತೀವಿ, ನೋಡಿದವರು "ನಿಮಗೆ ವಾಕ್ಯ ಎಷ್ಟು ಚೆನ್ನಾಗಿ ಗೊತ್ತು" ಅಂತಾನೂ ಅಂತಾರೆ, ಆದ್ರೆ ಓದಿದ್ದೆಲ್ಲ ನೇರವಾಗಿ ಭಾನುವಾರದ ಮಕ್ಕಳಿಗೋ ಗುರುವಾರದ ಹೆಂಗಸರ ಕೂಟಕ್ಕೋ ಹೋಗಿಬಿಡುತ್ತೆ, ನಮಗೆ ಅಂತ ಏನೂ ಉಳಿಯಲ್ಲ. ಪ್ರಾರ್ಥನೆಗೆ ಅಂತ ಕೂತ್ರೂ ಮನಸ್ಸು "ಇದನ್ನ ಮಕ್ಕಳಿಗೆ ಹೇಗೆ ಹೇಳೋದು" ಅನ್ನೋ ಕಡೆಗೇ ಓಡುತ್ತೆ.

ನಾನು ಮೈಸೂರಲ್ಲಿ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಸಂಡೇ ಸ್ಕೂಲಿನ ದೊಡ್ಡ ಮಕ್ಕಳ ಕ್ಲಾಸ್ ತಗೋತೀನಿ, ಜೊತೆಗೆ ಗುರುವಾರ ಸಂಜೆ ಮನೆಮನೆಯಲ್ಲಿ ನಡೆಯೋ ಹೆಂಗಸರ ಬೈಬಲ್ ಅಧ್ಯಯನ ನಡೆಸ್ತೀನಿ. ಹಗಲು ಆಫೀಸು. ಸೆಮಿನರಿಯಲ್ಲಿ, ಅಂದ್ರೆ ಪಾದ್ರಿಗಳ ತರಬೇತಿ ಕಾಲೇಜಲ್ಲಿ, ಓದಿದವಳಲ್ಲ, ಸಂಬಳಕ್ಕೆ ಮಾಡ್ತಿರೋದೂ ಅಲ್ಲ, ನಮ್ಮ ಸಭೆಗಳಲ್ಲಿ ಪಾಠ ಹೇಳೋರು ಬಹುತೇಕ ಹೀಗೇ, ಬ್ಯಾಂಕಲ್ಲಿ ಕೆಲಸ ಮಾಡೋರು, ನರ್ಸುಗಳು, ಸ್ಕೂಲ್ ಟೀಚರ್‌ಗಳು, ರಿಟೈರ್ ಆದ ಅಂಕಲ್‌ಗಳು. ಇವರೆಲ್ಲರಿಗೂ ದಿನದಲ್ಲಿ ಸಿಗೋ ಸಮಯ ಒಂದೇ ಚೂರು, ಬೆಳಿಗ್ಗೆ ಕುಕ್ಕರ್ ಇಡೋಕೆ ಮುಂಚೆ ಅಥವಾ ರಾತ್ರಿ ಎಲ್ಲರೂ ಮಲಗಿದ ಮೇಲೆ, ಆ ಚೂರನ್ನ ಪಾಠದ ತಯಾರಿಗೆ ಕೊಡಬೇಕಾ ಸ್ವಂತ ಧ್ಯಾನಕ್ಕೆ ಕೊಡಬೇಕಾ ಅನ್ನೋದೇ ನಿಜವಾದ ಪ್ರಶ್ನೆ. ಎರಡಕ್ಕೂ ಧಾರಾಳವಾಗಿ ಸಮಯ ಇದ್ದಿದ್ರೆ ಇದನ್ನ ಬರೆಯೋ ಅಗತ್ಯನೇ ಇರ್ತಿರ್ಲಿಲ್ಲ.

ಹೊಸದಾಗಿ ಸಂಡೇ ಸ್ಕೂಲಿಗೆ ಸೇರ್ಕೊಂಡಿರೋ ಒಬ್ಬ ಹುಡುಗಿ, ಇಂಜಿನಿಯರಿಂಗ್ ಓದ್ತಿದ್ದಾಳೆ, ಇದನ್ನೇ ಕೇಳಿದ್ಳು: "ಅಕ್ಕಾ, ಕ್ಲಾಸಿಗೆ ಅಂತ ಓದ್ತೀನಲ್ಲ, ಅದನ್ನೇ ದೇವರ ಜೊತೆ ಕೂತಿದ್ದು ಅಂತ ಅಂದ್ಕೋಬಹುದಾ?" ತುಂಬ ಒಳ್ಳೆ ಪ್ರಶ್ನೆ. ನಮ್ಮಲ್ಲಿ ಇದಕ್ಕೆ ಎರಡು ರೆಡಿ ಉತ್ತರ ಓಡಾಡುತ್ತೆ. ಒಂದು, "ಎರಡೂ ಒಂದೇ ಅಲ್ವಾ, ವಾಕ್ಯ ವಾಕ್ಯನೇ." ಇನ್ನೊಂದು, "ತಯಾರಿ ಎಲ್ಲ ಯಾಕಮ್ಮಾ, ಪ್ರಾರ್ಥನೆ ಮಾಡ್ಕೊಂಡು ಹೋಗು, ಪವಿತ್ರಾತ್ಮನೇ ಬಾಯಿಗೆ ಮಾತು ಕೊಡ್ತಾನೆ."

ಎರಡನೇದನ್ನ ಮೊದಲು ಹೇಳಿ ಮುಗಿಸ್ತೀನಿ. ಅವರು ಮತ್ತಾಯ 10ನೇ ಅಧ್ಯಾಯ ಇಟ್ಕೊಂಡು ಮಾತಾಡ್ತಾರೆ, ಏನು ಹೇಳಬೇಕು ಅಂತ ಚಿಂತೆ ಮಾಡಬೇಡಿ ಅಂತ ಯೇಸುಸ್ವಾಮಿ ಹೇಳಿದ್ದು. ಆದ್ರೆ ಅದಕ್ಕೆ ಹಿಂದಿನ ವಾಕ್ಯ ಓದಿ, ಅಲ್ಲಿ ಶಿಷ್ಯರನ್ನ ಹಿಡ್ಕೊಂಡು ಅಧಿಪತಿಗಳ ಮುಂದೆ ಅರಸರ ಮುಂದೆ ನಿಲ್ಲಿಸೋ ಮಾತು ಇದೆ. ಬಂಧನ ಆಗಿರೋನಿಗೆ ಕೊಟ್ಟ ಧೈರ್ಯ ಅದು. ವಾರ ಪೂರ್ತಿ ಟೈಮ್ ಇದ್ದೂ ಪುಸ್ತಕ ತೆಗೀದೆ ಹೋಗೋ ಟೀಚರ್‌ಗೆ ಆ ವಾಗ್ದಾನ ಅಲ್ಲ. ಹತ್ತು ಮಕ್ಕಳು ಮುಂದೆ ಕೂತಿರ್ತಾರೆ, ಅವರ ಅಪ್ಪ ಅಮ್ಮ ನಂಬಿಕೆ ಇಟ್ಟು ಕಳಿಸಿರ್ತಾರೆ, ಅವರಿಗೆ ಸರಿಯಾಗಿ ಓದಿ ಯೋಚನೆ ಮಾಡಿ ಹೇಳೋದೂ ಪ್ರೀತಿನೇ. ಯಾಕೋಬನ ಪತ್ರಿಕೆ 3ನೇ ಅಧ್ಯಾಯದ ಮೊದಲನೇ ವಾಕ್ಯ, ಬಹಳ ಜನ ಬೋಧಕರಾಗಬೇಡಿ, ಬೋಧಿಸೋರಿಗೆ ಹೆಚ್ಚಿನ ತೀರ್ಪು ಅಂತ ಇರೋದು, ಅದನ್ನ ಓದಿದ ಮೇಲೂ ತಯಾರಿ ಬೇಡ ಅನ್ನೋದಕ್ಕೆ ನನಗೆ ಧೈರ್ಯ ಇಲ್ಲ.

ಆದ್ರೆ ಮೊದಲನೇ ಉತ್ತರ, ಎರಡೂ ಒಂದೇ ಅನ್ನೋದು, ಅದು ಇನ್ನೂ ಸೂಕ್ಷ್ಮ. ಅದರ ಬಗ್ಗೆ ಯೋಚಿಸುವಾಗೆಲ್ಲ ನನಗೆ 1 ಸಮುವೇಲ 3ನೇ ಅಧ್ಯಾಯ ನೆನಪಾಗುತ್ತೆ. ಸಂಡೇ ಸ್ಕೂಲಲ್ಲಿ ಓದಿದ ಪ್ರತಿಯೊಬ್ಬರಿಗೂ ಗೊತ್ತಿರೋ ಕಥೆ, ಶಿಲೋವಿನಲ್ಲಿ ಪುಟ್ಟ ಸಮುವೇಲ ಮಲಗಿರ್ತಾನೆ, ದೇವರು ಹೆಸರು ಹಿಡಿದು ಕರೀತಾನೆ, ಅಲ್ಲಿನ ಹಿರಿಯ ಯಾಜಕ ಏಲಿನೇ ಕರೆದ್ರು ಅಂದ್ಕೊಂಡು ಹುಡುಗ ಓಡಿ ಹೋಗ್ತಾನೆ. ಮಕ್ಕಳಿಗೆ ಇದನ್ನ ಆಕ್ಟ್ ಮಾಡಿಸಿದ್ರೆ ಕ್ಲಾಸ್ ಪೂರ್ತಿ ಖುಷಿ. ಆದ್ರೆ ಪಾಠ ಹೇಳೋರು ನಿಂತು ನೋಡಬೇಕಾದ ಎರಡು ವಿಷಯ ಆ ಅಧ್ಯಾಯದಲ್ಲಿದೆ. ಏಳನೇ ವಾಕ್ಯದಲ್ಲಿ ಸಮುವೇಲನಿಗೆ ಇನ್ನೂ ಯೆಹೋವನ ಪರಿಚಯ ಇರಲಿಲ್ಲ ಅಂತ ಇದೆ. ದೇವಾಲಯದ ಒಳಗೇ ಮಲಗ್ತಾನೆ, ದೇವರ ಸೇವೆ ಮಾಡ್ತಾನೆ ಅಂತ ಮೊದಲೇ ಹೇಳಿದೆ, ಆದ್ರೂ ಪರಿಚಯ ಆಗಿರ್ಲಿಲ್ಲ. ಸೇವೆ ಬೇರೆ, ಪರಿಚಯ ಬೇರೆ ಆಗಿರೋಕೆ ಸಾಧ್ಯ ಅಂತ ಸತ್ಯವೇದವೇ ಒಪ್ಕೊಳ್ಳುತ್ತೆ.

ಎರಡನೇದು ಏಲಿ. ನನಗೆ ಹೆಚ್ಚು ಭಯ ಹುಟ್ಟಿಸೋದು ಅವನೇ. ಏಲಿ ಇಲ್ಲಿ ಟೀಚರ್. "ಅಪ್ಪಣೆಯಾಗಲಿ, ನಿನ್ನ ದಾಸನು ಕೇಳ್ತಿದ್ದಾನೆ ಅಂತ ಹೇಳು" ಅಂತ ಹುಡುಗನಿಗೆ ಹೇಳಿಕೊಟ್ಟವನು ಅವನೇ, ಆ ಪಾಠ ನೂರಕ್ಕೆ ನೂರು ಸರಿ, ಇವತ್ತಿನವರೆಗೂ ಮಕ್ಕಳಿಗೆ ನಾವು ಅದನ್ನೇ ಕಲಿಸ್ತೀವಿ. ಪಾಠ ಕೆಲಸನೂ ಮಾಡ್ತು, ಹುಡುಗನಿಗೆ ದೇವರ ಮಾತು ಕೇಳಿಸ್ತು. ಆದ್ರೆ ಅದೇ ರಾತ್ರಿ ಅದೇ ಮನೆಯಲ್ಲಿ ಮಲಗಿದ್ದ ಏಲಿಗೆ ಆ ಧ್ವನಿ ಬರಲಿಲ್ಲ, ಏಲಿಯ ಬಗ್ಗೆ, ಏಲಿಯ ಮಕ್ಕಳ ಬಗ್ಗೆ ದೇವರು ಏನು ಹೇಳಿದ ಅನ್ನೋದನ್ನ ಅವನು ಬೆಳಿಗ್ಗೆ ಒಬ್ಬ ಹುಡುಗನ ಬಾಯಿಂದ ತಿಳ್ಕೋಬೇಕಾಯ್ತು. ಅಂದ್ರೆ ಕ್ಲಾಸ್ ಚೆನ್ನಾಗಿ ಹೋಯ್ತು, ಮಕ್ಕಳು ಬೆಳೀತಿದ್ದಾರೆ, ಹೆಂಗಸರು ಕಣ್ಣೀರಿಟ್ಟು ಪ್ರಾರ್ಥನೆ ಮಾಡಿದ್ರು ಅನ್ನೋದರಿಂದ ಟೀಚರ್‌ನ ಒಳಗಿನ ಸ್ಥಿತಿ ಸರಿಯಾಗಿದೆ ಅಂತ ಏನೂ ಗೊತ್ತಾಗಲ್ಲ. ದೇವರು ತನ್ನ ವಾಕ್ಯದ ನಿಮಿತ್ತ ಮಕ್ಕಳ ಮೇಲಿನ ಪ್ರೀತಿಗೆ ಕೆಲಸ ಮಾಡ್ತಾನೆ, ಅದನ್ನ ನಮ್ಮ ಭಕ್ತಿಗೆ ಸಿಕ್ಕ ಸರ್ಟಿಫಿಕೇಟ್ ಅಂತ ತಗೋಬಾರದು.

ಹಾಗಾಗಿ ಆ ಹುಡುಗಿಗೆ ನಾನು ಕೊಟ್ಟ ಉತ್ತರ, ಒಂದೇ ಅಲ್ಲ, ಆದ್ರೆ ಎರಡರ ಮಧ್ಯೆ ಗೋಡೆನೂ ಕಟ್ಟಬೇಡ, ಯಾವುದು ಮೊದಲು ಅನ್ನೋದನ್ನ ಮಾತ್ರ ಬಿಡಬೇಡ. ಇದು ನನ್ನ ಸ್ವಂತ ಯೋಚನೆ ಅಲ್ಲ. ಧರ್ಮೋಪದೇಶಕಾಂಡ 6ರಲ್ಲಿ ಮಕ್ಕಳಿಗೆ ಅಭ್ಯಾಸ ಮಾಡಿಸಿ, ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ ಮಾತಾಡಿ ಅಂತ ಹೇಳೋ ಏಳನೇ ವಾಕ್ಯಕ್ಕೆ ಮುಂಚೆ, ಆರನೇ ವಾಕ್ಯದಲ್ಲಿ ಈ ಮಾತುಗಳು ನಿಮ್ಮ ಹೃದಯದಲ್ಲಿರಬೇಕು ಅಂತ ಇದೆ. ಎಜ್ರ 7:10ರಲ್ಲೂ ಅದೇ ವರಸೆ, ಎಜ್ರ ಧರ್ಮಶಾಸ್ತ್ರವನ್ನ ಅಭ್ಯಾಸ ಮಾಡೋಕೆ, ಅದರ ಪ್ರಕಾರ ನಡೆಯೋಕೆ, ಆಮೇಲೆ ಇಸ್ರಾಯೇಲ್ಯರಿಗೆ ಕಲಿಸೋಕೆ ಮನಸ್ಸು ಮಾಡಿದ. ನಡುವಿನದ್ದನ್ನ ನಾವು ಹಾರಿಸಿಬಿಡ್ತೀವಿ. ಶುಕ್ರವಾರ ಓದಿದ್ದನ್ನ ಭಾನುವಾರ ಹೇಳೋಕೆ ಹೊರಟ್ರೆ ನಡೆಯೋಕೆ ಒಂದೇ ಒಂದು ದಿನ ಉಳಿಯುತ್ತೆ ನೋಡಿ, ಅದಕ್ಕೇ ನಾನು ಮುಂದಿನ ಪಾಠದ ಭಾಗವನ್ನ ಹಿಂದಿನ ಭಾನುವಾರ ಸಂಜೆನೇ ಒಂದ್ಸಲ ಓದಿ ಬಿಟ್ಟುಬಿಡ್ತೀನಿ. ಕ್ಷಮಿಸೋ ಬಗ್ಗೆ ಪಾಠ ಅಂದ್ರೆ ಆ ವಾರ ಆಫೀಸಲ್ಲಿ ಯಾರೋ ಒಬ್ಬರು ಕ್ಷಮಿಸೋಕೆ ಸಿಕ್ಕೇ ಸಿಗ್ತಾರೆ.

ಹಳೇ ಕಾಲದ ದೊಡ್ಡ ಕ್ರೈಸ್ತ ಬೋಧಕ ಆಗಸ್ಟೀನನ ಜೀವನದಲ್ಲಿ ಒಂದು ಘಟನೆ ಇದೆ, ನಮ್ಮಂಥವರು ಓದಲೇಬೇಕಾದದ್ದು. ಅವನು ಮಿಲಾನಿನಲ್ಲಿ ಭಾಷಣಕಲೆಯ ಪ್ರೊಫೆಸರ್ ಆಗಿದ್ದವನು, ಮಾತಾಡೋದು ಅವನಿಗೆ ಕಷ್ಟವೇ ಅಲ್ಲ. 391ರಲ್ಲಿ ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಸಭೆಯವರು ಅವನನ್ನ ಹಿಡ್ಕೊಂಡು ಒತ್ತಾಯದಿಂದ ಪಾದ್ರಿ ಮಾಡಿಸಿದ್ರು. ಆಗ ಅವನು ತನ್ನ ಬಿಷಪ್ ವಲೇರಿಯಸ್‌ಗೆ ಒಂದು ಪತ್ರ ಬರೀತಾನೆ, ನನಗೆ ಸ್ವಲ್ಪ ಸಮಯ ಕೊಡಿ, ಈಸ್ಟರ್‌ವರೆಗಾದ್ರೂ, ಶಾಸ್ತ್ರ ಓದಬೇಕು, ಪ್ರಾರ್ಥನೆ ಮಾಡಬೇಕು ಅಂತ. ಅಷ್ಟು ದೊಡ್ಡ ವಿದ್ವಾಂಸ, ನಾಳೆಯಿಂದಲೇ ಪ್ರಸಂಗ ಮಾಡಬಹುದಿತ್ತು, ಆದ್ರೂ ರಜೆ ಕೇಳ್ದ. ಮುಂದೆ ಬಿಷಪ್ ಆದ ಮೇಲೆ ಜನರಿಗೆ ಹೇಳಿದ ಒಂದು ಮಾತು ಇದೆ, ನಿಮಗೋಸ್ಕರ ನಾನು ಬಿಷಪ್, ನಿಮ್ಮ ಜೊತೆ ನಾನು ಕ್ರೈಸ್ತ ಅನ್ನೋ ಅರ್ಥದ್ದು. ಗುರುವಾರದ ಕೂಟದಲ್ಲಿ ಚೇರ್ ಮೇಲೆ ನಾನು ಕೂತು ಉಳಿದವರು ಚಾಪೆ ಮೇಲೆ ಕೂತಾಗ ಈ ಮಾತು ನನಗೆ ಬೇಕಾಗುತ್ತೆ.

ಈಗ ಪಾಠದ ಓದನ್ನ, ಸ್ವಂತದ ಓದನ್ನ ಬೇರೆ ಬೇರೆ ಇಡೋ ಪ್ರಶ್ನೆ. ಇದರಲ್ಲಿ ತುಂಬ ಕಟ್ಟುನಿಟ್ಟಾಗಿ ಇದ್ದವನು ಜರ್ಮನ್ ಪಾಸ್ಟರ್ ಬೊನ್‌ಹೋಫರ್. ಜರ್ಮನಿಯಲ್ಲಿ ಹಿಟ್ಲರ್ ಕಾಲದಲ್ಲಿ, 1935ರಿಂದ 1937ರವರೆಗೆ, ಫಿಂಕನ್‌ವಾಲ್ಡ್ ಅನ್ನೋ ಕಡೆ ಯುವ ಪಾಸ್ಟರ್‌ಗಳಿಗೆ ಒಂದು ಸೆಮಿನರಿ ನಡೆಸ್ತಿದ್ದ, ಕೊನೆಗೆ ಹಿಟ್ಲರ್‌ನ ಗುಪ್ತ ಪೊಲೀಸರು, ಗೆಸ್ಟಪೋ, ಬಂದು ಮುಚ್ಚಿಸಿದ್ರು. ಅಲ್ಲಿ ಪ್ರತಿ ಬೆಳಿಗ್ಗೆ ಅರ್ಧ ಗಂಟೆ ಮೌನಧ್ಯಾನ, ಇಡೀ ವಾರಕ್ಕೆ ಒಂದೇ ಚಿಕ್ಕ ಭಾಗ. ನಿಯಮ ಏನಂದ್ರೆ ಆ ಅರ್ಧ ಗಂಟೆ ಪ್ರಸಂಗದ ತಯಾರಿಗೆ ಅಲ್ಲ, ವ್ಯಾಖ್ಯಾನ ಪುಸ್ತಕ ತೆಗೆಯೋ ಹಾಗಿಲ್ಲ, ಈ ವಾಕ್ಯ ಇವತ್ತು ನನಗೆ ಏನು ಹೇಳುತ್ತೆ ಅಂತ ಮಾತ್ರ ಕೇಳ್ಕೋಬೇಕು. ಆ ಹುಡುಗರೆಲ್ಲ ಯೂನಿವರ್ಸಿಟಿಯಲ್ಲಿ ಥಿಯಾಲಜಿ ಓದಿ ಬಂದವರು, ಮೊದಮೊದಲು ಅವರಿಗೆ ಈ ಅರ್ಧ ಗಂಟೆ ಏನು ಮಾಡಬೇಕು ಅಂತಾನೇ ತಿಳೀಲಿಲ್ಲ. ಇದೇ ವಿಷಯಕ್ಕೆ ಸ್ವಿಟ್ಜರ್ಲೆಂಡಿನ ಥಿಯಾಲಜಿ ವಿದ್ವಾಂಸ ಕಾರ್ಲ್ ಬಾರ್ತ್ 1936ರಲ್ಲಿ ಬರೆದ ಪತ್ರದಲ್ಲಿ ಅಸಮಾಧಾನ ತೋರಿಸಿದ್ರು, ಥಿಯಾಲಜಿಯ ಕೆಲಸ ಒಂದು, ಭಕ್ತಿಯ ಧ್ಯಾನ ಇನ್ನೊಂದು ಅಂತ ತತ್ವವಾಗಿ ಬೇರ್ಪಡಿಸೋದು ಅವರಿಗೆ ಒಪ್ಪಿಗೆ ಆಗ್ಲಿಲ್ಲ, ಮಠದ ವಾಸನೆ ಬರ್ತಿದೆ ಅನ್ನೋ ಥರ ಬರೆದ್ರು.

ಇಬ್ಬರಲ್ಲಿ ಯಾರು ಸರಿ ಅಂತ ನಾನು ತುಂಬ ಯೋಚನೆ ಮಾಡಿದ್ದೀನಿ. ಓದೋದೇ ಪ್ರಾರ್ಥನೆ ಆಗಬೇಕು ಅನ್ನೋದು ಬಾರ್ತ್ ಕಡೆಯ ಮಾತು, ಅದು ಸತ್ಯನೇ, ಆದ್ರೆ ಅದು ತುಂಬ ಬೆಳೆದವರಿಗೆ ಆಗೋ ಕೆಲಸ. ಶನಿವಾರ ರಾತ್ರಿ ಹತ್ತು ಗಂಟೆಗೆ ಚಾರ್ಟ್ ಪೇಪರ್ ಕತ್ತರಿಸ್ಕೊಂಡು ಕೂತಿರೋರಿಗೆ ಬೊನ್‌ಹೋಫರ್‌ನ ಬೇಲಿ ಬೇಕೇ ಬೇಕು.

ಆದ್ರೆ ಬೇಲಿಯನ್ನ ಹೇಗೆ ಹಾಕ್ಕೋಬೇಕು ಅನ್ನೋದಕ್ಕೆ ನನಗೆ ಹೆಚ್ಚು ಸಹಾಯ ಮಾಡಿದ್ದು ಜಾರ್ಜ್ ಮುಲ್ಲರ್. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಿಂದ ಅನಾಥಾಲಯ ನಡೆಸಿದವರು, ನಮ್ಮ ಪ್ರಸಂಗಗಳಲ್ಲಿ ಅವರ ಹೆಸರು ಬರೋದು ಯಾವಾಗ್ಲೂ ಪ್ರಾರ್ಥನೆಯಿಂದ ಹಣ ಬಂದ ಕಥೆಗೆ. ಆದ್ರೆ 1841ರಲ್ಲಿ ಅವರು ಬರೆದಿಟ್ಟ ಇನ್ನೊಂದು ವಿಷಯ ಇದೆ. ಮುಂಚೆ ಅವರು ಬೆಳಿಗ್ಗೆ ಎದ್ದು ನೇರ ಪ್ರಾರ್ಥನೆಗೆ ಕೂರ್ತಿದ್ರು, ಮನಸ್ಸು ಅಲ್ಲಿ ಇಲ್ಲಿ ಅಲೀತಿತ್ತು, ಆಮೇಲೆ ಅರ್ಥ ಆಯ್ತು, ದಿನದ ಮೊದಲ ಕೆಲಸ ತನ್ನ ಆತ್ಮ ಕರ್ತನಲ್ಲಿ ಸಂತೋಷವಾಗಿರೋ ಹಾಗೆ ನೋಡ್ಕೊಳ್ಳೋದು, ಅದಕ್ಕೆ ಮೊದಲು ವಾಕ್ಯವನ್ನ ಓದಿ ಧ್ಯಾನಿಸಬೇಕು, ಅದರಿಂದ ಪ್ರಾರ್ಥನೆ ತಾನಾಗಿ ಹೊರಡುತ್ತೆ. ಅಲ್ಲಿ ಅವರು ಸ್ಪಷ್ಟವಾಗಿ ಹೇಳ್ತಾರೆ, ಇದು ಸಭೆಯಲ್ಲಿ ಬೋಧಿಸೋಕೆ ಅಲ್ಲ, ನನ್ನ ಆತ್ಮದ ಆಹಾರಕ್ಕೆ. ಆಮೇಲೆ ಇನ್ನೊಂದು ಮಾತನ್ನೂ ಸೇರಿಸ್ತಾರೆ, ಹೀಗೆ ತನಗೆ ಸಿಕ್ಕಿದ್ದೇ ಎಷ್ಟೋ ಸಲ ಸ್ವಲ್ಪ ಹೊತ್ತಿಗೋ ಆಮೇಲೋ ಬೇರೆ ವಿಶ್ವಾಸಿಗಳಿಗೆ ಆಹಾರ ಆಯ್ತು ಅಂತ. ಇದು ನನಗೆ ತುಂಬ ಇಷ್ಟ ಆಯ್ತು. ಹಂಚಬಾರದು ಅನ್ನೋ ನಿಷೇಧ ಇಲ್ಲ ಇಲ್ಲಿ. ಹಂಚೋಕೆ ಅಂತ ಹುಡುಕಬೇಡ ಅಷ್ಟೇ.

ಹೋದ ವರ್ಷ ನಮ್ಮಪ್ಪ ಆಸ್ಪತ್ರೆಯಲ್ಲಿದ್ರು. ಐಸಿಯು ಹೊರಗಡೆ ಕಬ್ಬಿಣದ ಚೇರಿನಲ್ಲಿ ರಾತ್ರಿಗಳನ್ನ ಕಳೆದಾಗ ನನಗೆ ತಿಳಿದಿದ್ದು, ಪಾಠಕ್ಕೆ ಅಂತ ಓದಿದ ನೂರಾರು ಪುಟಗಳಲ್ಲಿ ಒಂದೂ ಆಗ ಬಾಯಿಗೆ ಬರಲ್ಲ. ಬಂದಿದ್ದು 88ನೇ ಕೀರ್ತನೆ. ಅದನ್ನ ನಾನು ಯಾರಿಗೂ ಪಾಠ ಮಾಡಿಲ್ಲ, ಮಾಡೋಕೂ ಕಷ್ಟ, ಬೇರೆ ದುಃಖದ ಕೀರ್ತನೆಗಳು ಬಹುತೇಕ ಕೊನೆಯಲ್ಲಿ ಸ್ತೋತ್ರದ ಕಡೆಗೆ ತಿರುಗುತ್ತೆ, ಇದು ತಿರುಗಲ್ಲ, ಕತ್ತಲೆಯಲ್ಲೇ ಮುಗಿದುಹೋಗುತ್ತೆ. ಹಗಲಿರುಳು ಮೊರೆ ಇಡ್ತೀನಿ ಅಂತ ಶುರು ಮಾಡಿ, ಗೆಳೆಯರನ್ನ ದೂರ ಮಾಡಿದ್ದೀ ಅಂತ ದೇವರ ಮುಂದೆನೇ ದೂರು ಹೇಳಿ ನಿಲ್ಲಿಸ್ತಾನೆ. ಪಾಠಕ್ಕೆ ಅಂತ ಓದಿದ್ರೆ ಕೊನೆಗೆ ಒಂದು ಸಮಾಧಾನದ ಮಾತು ಸೇರಿಸಲೇಬೇಕು ಅನ್ಸುತ್ತೆ, ಹೆಂಗಸರನ್ನ ಹಾಗೆ ಭಾರವಾಗಿ ಮನೆಗೆ ಕಳಿಸೋಕಾಗಲ್ಲ. ನನಗೋಸ್ಕರ ಓದಿದಾಗ ಏನೂ ಸೇರಿಸಬೇಕಾಗಿರ್ಲಿಲ್ಲ. ಆ ಕೀರ್ತನೆಯ ಒಳಗೇ ಕೂತಿದ್ದೆ, ಇಂಥ ಪ್ರಾರ್ಥನೆಯನ್ನೂ ದೇವರು ತನ್ನ ಪುಸ್ತಕದಲ್ಲಿ ಇಟ್ಕೊಂಡಿದ್ದಾನಲ್ಲ ಅನ್ನೋದೊಂದೇ ಸಾಕಾಗಿತ್ತು. ಅಪ್ಪ ಹುಷಾರಾಗಿ ಮನೆಗೆ ಬಂದ್ರು, ದೇವರಿಗೆ ಸ್ತೋತ್ರ.

ಇದರಿಂದ ನನಗೆ ಇನ್ನೊಂದು ವಿಷಯ ಗಟ್ಟಿಯಾಯ್ತು. ಪಾಠ ಹೇಳೋರ ಓದು ತಿರುಗಿ ತಿರುಗಿ ಅದೇ ದಾರಿಯಲ್ಲಿ ಹೋಗುತ್ತೆ. ನೋಹ, ಯೋಸೇಫ, ದಾವೀದ ಗೊಲ್ಯಾತ, ಯೋನ, ಒಳ್ಳೆಯ ಸಮಾರ್ಯದವನು, ಕ್ರಿಸ್‌ಮಸ್‌ಗೆ ಲೂಕ 2, ಈಸ್ಟರ್‌ಗೆ ಸಮಾಧಿ. ಭಾನುವಾರದ ಓದುವಿಕೆಗೆ ಸಭೆ ಆರಿಸೋ ಭಾಗಗಳೂ ಇಡೀ ಸತ್ಯವೇದವನ್ನ ಮುಟ್ಟಲ್ಲ. ಹಾಗಾಗಿ ಸ್ವಂತದ ಓದು ಸಿಲಬಸ್‌ನಿಂದ ಪೂರ್ತಿ ಬೇರೆ ಇರಬೇಕು, ವರಸೆಯಾಗಿ ಹೋಗಬೇಕು, ಯಾಜಕಕಾಂಡ ಬಂದ್ರೂ ಪ್ರಲಾಪಗಳು ಬಂದ್ರೂ ಹಾರಿಸಬಾರದು ಅನ್ನೋದು ನನ್ನ ಅಭಿಪ್ರಾಯ. ಇದಕ್ಕೆ ತುಂಬ ಜನ ಮೆಕ್‌ಶೇನ್ ಕ್ಯಾಲೆಂಡರ್ ಹಿಡೀತಾರೆ, ಸ್ಕಾಟ್ಲೆಂಡಿನ ಡಂಡಿ ಊರಿನ ಪಾಸ್ಟರ್ ರಾಬರ್ಟ್ ಮರ್ರೆ ಮೆಕ್‌ಶೇನ್ 1842ರಲ್ಲಿ ತನ್ನ ಸಭೆಯವರಿಗೆ ಮಾಡಿಕೊಟ್ಟಿದ್ದು, ವರ್ಷಕ್ಕೆ ಹಳೇ ಒಡಂಬಡಿಕೆ ಒಂದ್ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡ್ಸಲ. ಮುಂದಿನ ವರ್ಷನೇ 29ನೇ ವಯಸ್ಸಿಗೆ ತೀರ್ಕೊಂಡ್ರು. ಒಳ್ಳೆ ಕ್ಯಾಲೆಂಡರ್, ಆದ್ರೆ ದಿನಕ್ಕೆ ಸುಮಾರು ನಾಲ್ಕು ಅಧ್ಯಾಯ, ಪಾಠದ ಓದೂ ಇರೋರಿಗೆ ಅದು ಭಾರ ಅಂತ ನನಗನ್ಸುತ್ತೆ. ಅದನ್ನ ಮಾಡಿದವರೇ ಎಚ್ಚರಿಕೆ ಕೊಟ್ಟಿದ್ರು, ಓದು ಬರೀ ಪದ್ಧತಿ ಆಗಿಬಿಡಬಹುದು, ಓದಿದೆ ಅನ್ನೋ ಹೆಮ್ಮೆ ಬರಬಹುದು, ಗಮನ ಇಲ್ಲದೆ ಓದಿಬಿಡಬಹುದು, ಹೊರಲಾರದ ನೊಗ ಆಗಬಹುದು ಅಂತ. ದಿನಕ್ಕೆ ಒಂದೇ ಅಧ್ಯಾಯ ಓದಿ, ಬೇಕಾದ್ರೆ ಅರ್ಧ. ಮುಗಿಸೋ ಅವಸರ ಯಾಕೆ.

ನಾನು ಪಾಲಿಸೋದನ್ನೂ ಹೇಳ್ತೀನಿ, ಎಲ್ಲರೂ ಹೀಗೇ ಮಾಡಬೇಕು ಅಂತಲ್ಲ. ಬೆಳಗಿನ ಓದಿಗೆ ಅಮ್ಮನ ಹಳೇ ಸತ್ಯವೇದ, ಚಿಕ್ಕಂದಿನಿಂದ ಕಿವಿಯಲ್ಲಿ ಕೂತಿರೋ ಆ ಹಳೇ ಕನ್ನಡದಲ್ಲೇ ಓದೋದು, ಪೆನ್ನು ಇಟ್ಕೊಳ್ಳಲ್ಲ, ಫೋನ್ ಅಡುಗೆಮನೆಯಲ್ಲಿರುತ್ತೆ. ಪಾಠಕ್ಕೆ ಮಾತ್ರ ಬೇರೆ ಟೇಬಲ್, ಬೇರೆ ಪುಸ್ತಕ, ಸರಳ ಕನ್ನಡದ ಸಿ.ಎಲ್. ಬೈಬಲ್, ಇಂಗ್ಲಿಷಿನದ್ದು ಒಂದೆರಡು, ವ್ಯಾಖ್ಯಾನ, ಮ್ಯಾಪು. ಇಂಗ್ಲಿಷ್ ಇಲ್ಲದೆ ಈಗ ಆಗಲ್ಲ, ನನ್ನ ಕ್ಲಾಸಿನ ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡ ಮಾತಾಡ್ತಾರೆ ಆದ್ರೆ ಸತ್ಯವೇದ ಓದೋಕೆ ಕೊಟ್ರೆ ಒತ್ತಕ್ಷರಕ್ಕೆ ನಿಂತುಬಿಡ್ತಾರೆ, ಹಾಗಾಗಿ ಎರಡೂ ಭಾಷೆಯಲ್ಲಿ ತಯಾರಾಗಬೇಕು. ತಯಾರಿಯ ಕೆಲಸ ಹೀಗೆ ಮೇಲಿಂದ ಮೇಲೆ ಬೆಳೀತಾ ಹೋಗುತ್ತೆ, ಅದಕ್ಕೆ ಕೊನೆ ಇಲ್ಲ, ಇನ್ನೊಂದು ವಿಡಿಯೋ ನೋಡಬಹುದು ಇನ್ನೊಂದು ಆಕ್ಟಿವಿಟಿ ಹುಡುಕಬಹುದು, ಅದಕ್ಕೇ ಅದಕ್ಕೊಂದು ಸಮಯ ಗೊತ್ತುಮಾಡಿ ಆ ಸಮಯಕ್ಕೆ ಮುಚ್ಚಿಡೋದು ನಂಬಿಕೆಯ ಕೆಲಸನೇ.

ಆದ್ರೆ ತಯಾರಿಯ ಟೇಬಲ್‌ನಲ್ಲಿ ದೇವರು ಇಲ್ಲ ಅಂತ ಯಾರೂ ಅಂದ್ಕೋಬೇಡಿ. ವ್ಯಾಖ್ಯಾನ ತೆಗೆಯೋಕೆ ಮುಂಚೆ ಆ ಭಾಗವನ್ನ ಜೋರಾಗಿ ಓದ್ತೀನಿ, ಆಮೇಲೆ ಕ್ಲಾಸಿನ ಒಬ್ಬೊಬ್ಬ ಮಗುವಿನ ಹೆಸರು ಹೇಳಿ ಆ ಭಾಗದ ಮುಂದೆ ಪ್ರಾರ್ಥನೆ ಮಾಡ್ತೀನಿ. ಅಪ್ಪ ಇಲ್ಲದ ಹುಡುಗ ಒಬ್ಬ ಇದ್ದಾನೆ ನನ್ನ ಕ್ಲಾಸಲ್ಲಿ, "ಪರಲೋಕದಲ್ಲಿರುವ ನಮ್ಮ ತಂದೆಯೇ" ಅನ್ನೋ ಪಾಠ ತಯಾರು ಮಾಡುವಾಗ ಅವನ ಹೆಸರು ಹೇಳಿ ನಿಂತಾಗ ಆ ಪ್ರಾರ್ಥನೆಯನ್ನ ಮತ್ತೆ ಮೊದಲಿಂದ ಕೇಳಿದ ಹಾಗಾಯ್ತು, ಬೆಳಗಿನ ಓದಿನಲ್ಲಿ ನನಗೆ ಅದು ಹಾಗೆ ತೆರೆದಿರಲೇ ಇಲ್ಲ. ಯಾರಿಗೋಸ್ಕರ ಓದ್ತೀವೋ ಅವರ ಮೂಲಕನೂ ದೇವರು ನಮ್ಮ ಜೊತೆ ಮಾತಾಡ್ತಾನೆ.

ಮಾರ್ಕ 1:35ನ್ನ ಇದಕ್ಕೆಲ್ಲ ಉದಾಹರಣೆ ಕೊಡ್ತಾರೆ, ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡಿದ ಅಂತ. ಅಷ್ಟಕ್ಕೇ ನಿಲ್ಲಿಸ್ತಾರೆ. ಹಿಂದಿನ ಸಂಜೆ ಏನಾಗಿತ್ತು ನೋಡಿ, ಇಡೀ ಊರು ಬಾಗಿಲ ಹತ್ರ ಸೇರಿತ್ತು. ಬೆಳಿಗ್ಗೆ ಸೀಮೋನ ಹುಡುಕ್ಕೊಂಡು ಬಂದು ಎಲ್ಲರೂ ನಿನ್ನನ್ನ ಹುಡುಕ್ತಿದ್ದಾರೆ ಅಂತಾನೆ. ನಾನಾಗಿದ್ರೆ ಎದ್ದು ಅವರ ಹಿಂದೆ ಹೋಗ್ತಿದ್ದೆ, ಕರೆ ಬಂದಿದೆ ಅಲ್ವಾ. ಯೇಸು ಬೇರೆ ಊರುಗಳಿಗೆ ಹೋಗೋಣ, ಅಲ್ಲೂ ಸಾರಬೇಕು, ಇದಕ್ಕೇ ನಾನು ಬಂದಿದ್ದು ಅಂತಾನೆ. ಎಲ್ಲಿ ಸಾರಬೇಕು ಅನ್ನೋದನ್ನ ಹಿಂದಿನ ರಾತ್ರಿಯ ಜನಜಂಗುಳಿ ತೀರ್ಮಾನ ಮಾಡ್ಲಿಲ್ಲ. ಸಭೆಯಲ್ಲಿ ಒಳ್ಳೆ ಟೀಚರ್ ಅಂತ ಹೆಸರು ಬಂದ ತಕ್ಷಣ ರಜೆಯಲ್ಲಿ ಮಕ್ಕಳಿಗೆ ನಡೆಸೋ ಬೈಬಲ್ ಶಾಲೆ ವಿಬಿಎಸ್‌ಗೂ ಅವರೇ, ಯೂತ್ ಕ್ಯಾಂಪಿಗೂ ಅವರೇ, ಉಪವಾಸ ಕೂಟದ ಸಂದೇಶಕ್ಕೂ ಅವರೇ ಬೇಕು. ಸಭಾಪಾಲಕರಿಗೂ ಹಿರಿಯರಿಗೂ ನನ್ನ ಬೇಡಿಕೆ ಇಷ್ಟೇ, ಯಾರಾದ್ರೂ "ಈ ವರ್ಷ ಒಂದೇ ಜವಾಬ್ದಾರಿ ಸಾಕು ಅಯ್ಯನವರೇ" ಅಂದ್ರೆ ಅವರ ಸಮರ್ಪಣೆ ಬಗ್ಗೆ ಅನುಮಾನ ಪಡಬೇಡಿ, ಒಂದೊಂದು ಕ್ಲಾಸಿಗೆ ಇಬ್ಬಿಬ್ಬರು ಟೀಚರ್‌ಗಳನ್ನ ಹಾಕಿ, ಒಂದು ತಿಂಗಳು ಒಬ್ಬರು ಹೇಳಲಿ ಇನ್ನೊಬ್ಬರು ಮಕ್ಕಳ ಜೊತೆ ಹಿಂದೆ ಕೂತು ಕೇಳಲಿ.

ನಮ್ಮ ಗುರುವಾರದ ಕೂಟದಲ್ಲಿ ಗಾರ್ಮೆಂಟ್ಸ್‌ಗೆ ಹೋಗೋ ಅಕ್ಕಂದಿರಿದ್ದಾರೆ, ಅವರಿಗೆ ಬೆಳಿಗ್ಗೆ ಅನ್ನೋದೇ ಇಲ್ಲ, ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಆಡಿಯೋ ಬೈಬಲ್ ಕೇಳ್ತಾರೆ. ಅವರಿಗೆ ಮುಂಜಾನೆಯ ಧ್ಯಾನ ಅಂತ ಪಾಠ ಮಾಡೋಕೆ ನನಗೆ ಮನಸ್ಸು ಬರಲ್ಲ. ಮುಂದಿನ ತಿಂಗಳಿಂದ ಅವರಲ್ಲಿ ಒಬ್ಬರು ಕೂಟದಲ್ಲಿ ಪಾಠ ಹೇಳೋಕೆ ಒಪ್ಪಿದ್ದಾರೆ, ರೂತಳ ಪುಸ್ತಕ, ನಾಲ್ಕು ಅಧ್ಯಾಯ ನಾಲ್ಕು ವಾರ. ಅವರ ತಯಾರಿಗೆ ನಾನು ಜೊತೆ ಕೂತ್ಕೋತೀನಿ, ಆ ನಾಲ್ಕು ಗುರುವಾರ ಮಾತ್ರ ಚಾಪೆ ಮೇಲೆ ಕೂತು ಕೇಳ್ತೀನಿ.